ಕೆಲಸಕ್ಕೆ ಹೋಗಲು ಯಾವ ಸೈಕಲ್? ರೋಡ್ ಬೈಕೋ, ಹೈಬ್ರಿಡ್ಡೋ?

ಮಧುಮೇಹ, ರಕ್ತದೊತ್ತಡ, ಹೊಟ್ಟೆಯ ಬೊಜ್ಜು ಎಂದು ದವಾಖಾನೆಗೆ ಬರುವವರಿಗೆ ಔಷಧಿಯ ಜೊತೆಗೆ ನಡಿಗೆಯನ್ನೋ ಸೈಕಲನ್ನೋ ಹೇಳುವುದು ನಮ್ಮ ರೂಢಿ. ಇತ್ತೀಚೆಗೆ ಅದನ್ನು ಕೇಳಿದವರು ಒಂದು ಮರುಪ್ರಶ್ನೆ ಹಾಕುತ್ತಾರೆ: "ಹಕೀಮ್ ಸಾಹೇಬ್, ಸೈಕಲ್ ತಗೋತೀನಿ. ಆದರೆ ಯಾವುದು ತಗೊಳ್ಳಲಿ? ರೋಡ್ ಬೈಕ್ ಅಂತಾರೆ, ಹೈಬ್ರಿಡ್ ಅಂತಾರೆ, ಏನೂ ತಿಳಿಯುವುದಿಲ್ಲ."

ಇದು ಅಂಗಡಿಯವನಿಗೆ ಕೇಳಬೇಕಾದ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಅರ್ಧ ನಿಜ. ಉಳಿದರ್ಧ ವೈದ್ಯರಿಗೆ ಸಂಬಂಧಿಸಿದ್ದು. ತಪ್ಪು ಸೈಕಲ್ ಕೊಂಡವರ ಕೈ ಜೋಮು ಹಿಡಿಯುತ್ತದೆ, ಸೊಂಟ ನೋಯುತ್ತದೆ, ಮೊಣಕಾಲು ಹಿಡಿದುಕೊಳ್ಳುತ್ತದೆ. ಹದಿನೈದು ದಿನಕ್ಕೆ ಸೈಕಲ್ ಗೋಡೆಗೆ ಒರಗುತ್ತದೆ, ಆ ವ್ಯಕ್ತಿ ಮತ್ತೆ ಮೋಟಾರ್ ಸೈಕಲ್ ಹತ್ತುತ್ತಾರೆ. ಹಣ ಹೋದದ್ದು ದೊಡ್ಡ ನಷ್ಟವಲ್ಲ. "ಸೈಕಲ್ ನನ್ನ ದೇಹಕ್ಕೆ ಆಗಿಬರುವುದಿಲ್ಲ" ಎಂಬ ತೀರ್ಮಾನ ಮನಸ್ಸಿನಲ್ಲಿ ಕೂತುಬಿಡುವುದು ದೊಡ್ಡ ನಷ್ಟ. ಸಕ್ಕರೆ, ಒತ್ತಡ ಹತೋಟಿಗೆ ತರುವ ಸುಲಭದ ದಾರಿಯೊಂದು ಅಲ್ಲಿಗೆ ಮುಚ್ಚಿಹೋಗುತ್ತದೆ.

ಹಾಗಾಗಿ ಈ ತಿಂಗಳು ಸೈಕಲ್ ಆರಿಸುವ ಬಗೆಯನ್ನು ಆರೋಗ್ಯದ ಕಣ್ಣಿನಿಂದ ನೋಡೋಣ. ಉದಾಹರಣೆಗೆ ನಮ್ಮದೇ ದಾರಿಯನ್ನು ಇಟ್ಟುಕೊಳ್ಳೋಣ. ವಿಶ್ವಾರಾಧ್ಯರ ಮಠದಿಂದ ನಾಡಿಗೆಲ್ಲ ಪರಿಚಿತವಾದ ಅಬ್ಬೆತುಮಕೂರಿನಂತಹ ಊರಿನಿಂದ ಯಾದಗಿರಿಗೆ ಕಚೇರಿ, ಅಂಗಡಿ, ಶಾಲೆ ಎಂದು ದಿನಾಲೂ ಹೋಗಿ ಬರುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಯಾವುದು ಸರಿ?

ಯುನಾನಿ ವೈದ್ಯ ಏನು ಹೇಳುತ್ತದೆ?

ಆರೋಗ್ಯ ಆರು ಸಂಗತಿಗಳ ಮೇಲೆ ನಿಂತಿದೆ ಎಂದು ಯುನಾನಿ ಶಾಸ್ತ್ರ ಕಲಿಸುತ್ತದೆ. ಇವಕ್ಕೆ 'ಅಸ್ಬಾಬೆ ಸಿತ್ತಾ ಝರೂರಿಯಾ' ಎಂದು ಹೆಸರು. ಗಾಳಿ, ಅನ್ನ-ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ಬೇಡವಾದದ್ದು ಹೊರಹೋಗುವುದು ಮತ್ತು ಬೇಕಾದದ್ದು ಒಳಗೆ ಉಳಿಯುವುದು. ಇವುಗಳಲ್ಲಿ ಮೂರನೆಯದು ವ್ಯಾಯಾಮಕ್ಕೆ ಸಂಬಂಧಿಸಿದ್ದು. ಅದಕ್ಕೆ 'ರಿಯಾಝತ್' ಎನ್ನುತ್ತಾರೆ.

ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್ ಫಿತ್ತಿಬ್' ಗ್ರಂಥದಲ್ಲಿ ರಿಯಾಝತ್ತಿಗೆ ಕೊಟ್ಟ ಅರ್ಥ ಸರಳವಾಗಿದೆ: ನಮ್ಮ ಇಚ್ಛೆಯಿಂದ ಮಾಡುವ, ಉಸಿರನ್ನು ಆಳವಾಗಿಸುವ ಮತ್ತು ಚುರುಕಾಗಿಸುವ ಚಲನೆ. ವ್ಯಾಯಾಮವನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಅವರು ತಿಳಿಸಿದ್ದಾರೆ. ಮೈಬಣ್ಣ ಕಳೆಗಟ್ಟುತ್ತಾ, ಅಂಗಾಂಗಗಳು ಹಗುರವಾಗಿ ಆಡುತ್ತಿರುವ ತನಕ ವ್ಯಾಯಾಮ ಹಿತ. ಆಯಾಸ ಶುರುವಾದೊಡನೆ ನಿಲ್ಲಿಸಬೇಕು. ಸಾವಿರ ವರ್ಷದ ಹಿಂದಿನ ಈ ಮಾತು ಇಂದಿನ ಸೈಕಲ್ ಸವಾರರಿಗೂ ಹೊಂದುತ್ತದೆ. ಉಸಿರು ಚುರುಕಾಗಬೇಕು, ಆದರೆ ಪಕ್ಕದವರ ಜೊತೆ ಒಂದೆರಡು ಮಾತಾಡಲು ಬರುವಷ್ಟು ದಮ್ಮು ಉಳಿದಿರಬೇಕು. ಅದೇ ಸರಿಯಾದ ಅಳತೆ.

ಇಂದಿನ ವಿಜ್ಞಾನ ಇದಕ್ಕೆ ಲೆಕ್ಕ ಕೊಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಬೇಕು. ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬ್ರಿಟನ್ನಿನ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ನೋಡಿತ್ತು. ವಾಹನದಲ್ಲಿ ಕೂತು ಕೆಲಸಕ್ಕೆ ಹೋಗುವವರಿಗೆ ಹೋಲಿಸಿದರೆ ಸೈಕಲ್ಲಿನಲ್ಲಿ ಹೋಗುವವರಲ್ಲಿ ಸಾವಿನ ಅಪಾಯ ಸುಮಾರು ಶೇ. 41ರಷ್ಟು ಕಡಿಮೆ ಇತ್ತು. ಇದೆಲ್ಲ ಸೈಕಲ್ ಒಂದರಿಂದಲೇ ಆಯಿತು ಎಂದು ಇಂತಹ ಅಧ್ಯಯನದಿಂದ ಹೇಳಲಾಗದು. ಸೈಕಲ್ ತುಳಿಯುವವರ ಉಳಿದ ಅಭ್ಯಾಸಗಳೂ ಚೆನ್ನಾಗಿರಬಹುದು. ಆದರೂ ಇಷ್ಟು ದೊಡ್ಡ ವ್ಯತ್ಯಾಸವನ್ನು ತಳ್ಳಿಹಾಕುವಂತಿಲ್ಲ. ಮುಖ್ಯ ಮಾತೆಂದರೆ, ಅಂಗಡಿಯಲ್ಲಿ ಕೊಟ್ಟ ಹಣದಿಂದ ಆರೋಗ್ಯ ಬರುವುದಿಲ್ಲ, ತುಳಿದ ದಿನಗಳಿಂದ ಬರುತ್ತದೆ.

ಎರಡರ ನಡುವಿನ ವ್ಯತ್ಯಾಸ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಸೈಕಲ್. ಆದರೆ ಸೈಕಲ್ ಅಂಗಡಿಯಲ್ಲಿ 'ರೋಡ್ ಬೈಕ್' ಎಂದರೆ ಎಂಜಿನ್ ಇಲ್ಲದ, ಓಟದ ಸೈಕಲ್. ಅದರ ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಗೆ ಬಾಗಿರುತ್ತದೆ. ಟೈರು ಸಣ್ಣದು, ಅಗಲ ಸಾಮಾನ್ಯವಾಗಿ 25ರಿಂದ 28 ಮಿಲಿಮೀಟರ್. ಅದರಲ್ಲಿ ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗಿ ತುಂಬಬೇಕು. ಸೈಕಲ್ಲಿನ ತೂಕ ಸುಮಾರು 8ರಿಂದ 11 ಕಿಲೋ. ಕ್ಯಾರಿಯರ್, ಮಡ್‌ಗಾರ್ಡ್ ಸಾಮಾನ್ಯವಾಗಿ ಇರುವುದಿಲ್ಲ. ಅನೇಕ ಮಾದರಿಗಳಲ್ಲಿ ಅವನ್ನು ಕೂಡಿಸಲು ಜಾಗವೂ ಇರುವುದಿಲ್ಲ.

'ಹೈಬ್ರಿಡ್' ಎಂದರೆ ಮಿಶ್ರತಳಿ. ರೋಡ್ ಬೈಕಿನ ದೊಡ್ಡ ಗಾಲಿ ಮತ್ತು ಹಗುರತನವನ್ನು, ಗುಡ್ಡಗಾಡಿನ ಸೈಕಲ್ಲಿನ ನೇರ ಹ್ಯಾಂಡಲ್ ಮತ್ತು ಗಟ್ಟಿತನದೊಂದಿಗೆ ಕೂಡಿಸಿದ್ದು. ಟೈರಿನ ಅಗಲ 35ರಿಂದ 42 ಮಿಲಿಮೀಟರ್. ತೂಕ 12ರಿಂದ 15 ಕಿಲೋ. ಹ್ಯಾಂಡಲ್ ನೇರವಾಗಿದ್ದು ಎತ್ತರದಲ್ಲಿರುವುದರಿಂದ ಬೆನ್ನು ಅಷ್ಟಾಗಿ ಬಾಗುವುದಿಲ್ಲ. ಹೆಚ್ಚಿನವುಗಳಲ್ಲಿ ಕ್ಯಾರಿಯರ್ ಹಾಗೂ ಮಡ್‌ಗಾರ್ಡ್ ಕೂಡಿಸಬಹುದು.

ಮೂರನೆಯದೊಂದನ್ನು ಮರೆಯಬಾರದು. ನಮ್ಮ ಅಜ್ಜಂದಿರು ಹಾಲು, ಹುಲ್ಲು, ಬಟ್ಟೆಗಂಟು ಹೇರಿಕೊಂಡು ತುಳಿದ ಕರಿಯ ಸೈಕಲ್. ತೂಕ ಇಪ್ಪತ್ತು ಕಿಲೋ ದಾಟಿದರೂ ನೆಟ್ಟಗೆ ಕೂರಿಸುತ್ತದೆ, ಹೊರೆ ಹೊರುತ್ತದೆ, ಯಾವ ಹಳ್ಳಿಯಲ್ಲಾದರೂ ರಿಪೇರಿ ಆಗುತ್ತದೆ. ಹಾಗೆಯೇ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಡುತ್ತಾ ಬಂದ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಇಂದಿಗೂ ಮೂಲೆಯಲ್ಲಿವೆ. ಕೈ ಬಿಗಿ ಇರುವವರು ಹೊಸದನ್ನು ಕೊಳ್ಳುವ ಮೊದಲು ಅವನ್ನು ಹೊರತೆಗೆದು, ಟೈರು, ಬ್ರೇಕು ಬದಲಿಸಿ ನೋಡಬಹುದು.

ದೇಹ ಯಾವುದನ್ನು ಒಪ್ಪುತ್ತದೆ?

ಸೈಕಲ್ ಮೇಲೆ ಕೂತಾಗ ದೇಹದ ಭಾರ ಮೂರು ಕಡೆ ಹಂಚಿಕೆಯಾಗುತ್ತದೆ: ಸೀಟು, ಪೆಡಲ್, ಹ್ಯಾಂಡಲ್. ಮುಂದಕ್ಕೆ ಬಾಗಿದಷ್ಟೂ ಕೈಗಳ ಮೇಲಿನ ಭಾರ ಹೆಚ್ಚುತ್ತದೆ. ರೋಡ್ ಬೈಕಿನ ಸವಾರ ಗಾಳಿಯನ್ನು ಸೀಳಿಕೊಂಡು ಹೋಗಲು ಬಾಗುತ್ತಾನೆ. ಪಳಗಿದ ಯುವಕನ ಹೊಟ್ಟೆಯ ಮತ್ತು ಬೆನ್ನಿನ ಸ್ನಾಯುಗಳು ಆ ಭಾರವನ್ನು ತಡೆದುಕೊಳ್ಳುತ್ತವೆ. ಹತ್ತು ವರ್ಷ ಕುರ್ಚಿಯಲ್ಲಿ ಕೂತ ದೇಹಕ್ಕೆ ಆ ಶಕ್ತಿ ಇರುವುದಿಲ್ಲ. ಭಾರವೆಲ್ಲ ಅಂಗೈಗೆ ಇಳಿಯುತ್ತದೆ.

ಕೈ: ಅಂಗೈಯ ಹೊರ ಅಂಚಿನಲ್ಲಿ, ಕಿರುಬೆರಳಿನ ಬುಡದ ಕಡೆ, ಒಂದು ನರ ಚರ್ಮಕ್ಕೆ ಹತ್ತಿರದಲ್ಲೇ ಹಾದುಹೋಗುತ್ತದೆ. ಹ್ಯಾಂಡಲ್ ಅದನ್ನು ಒತ್ತುತ್ತಿದ್ದರೆ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತವೆ. ಅದರ ಮೇಲೆ ಗಟ್ಟಿ ಟೈರಿನ ನಡುಕ ಸೇರಿದರೆ ತೊಂದರೆ ಬೇಗ ಬರುತ್ತದೆ.

ಕುತ್ತಿಗೆ, ಸೊಂಟ: ಬೆನ್ನು ಬಾಗಿಸಿ ರಸ್ತೆ ನೋಡಬೇಕಾದರೆ ಕುತ್ತಿಗೆಯನ್ನು ಹಿಂದಕ್ಕೆ ಎತ್ತಬೇಕು. ಕುತ್ತಿಗೆ ಸವೆತ ಇರುವವರಿಗೆ, ಸೊಂಟದ ಡಿಸ್ಕ್ ನೋವಿನವರಿಗೆ ಇದು ಒಳ್ಳೆಯ ಭಂಗಿಯಲ್ಲ.

ಕೂರುವ ಜಾಗ: ಸೀಟಿನ ಮೂತಿ ಮೇಲಕ್ಕೆ ಎದ್ದಿದ್ದರೆ ಅಥವಾ ತೀರಾ ಮುಂದಕ್ಕೆ ಬಾಗಿ ಕೂತರೆ ತೊಡೆಸಂದಿಯ ನಡುವಿನ ನರ, ರಕ್ತನಾಳಗಳ ಮೇಲೆ ಒತ್ತಡ ಬೀಳುತ್ತದೆ. ಆ ಭಾಗ ಮರಗಟ್ಟಿದಂತಾಗುತ್ತದೆ. ಗಂಡಸರು ಇದನ್ನು ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ, ಸುಮ್ಮನೆ ಸೈಕಲ್ ಬಿಟ್ಟುಬಿಡುತ್ತಾರೆ. ನಾಚಿಕೆಪಡುವ ವಿಷಯ ಇದಲ್ಲ. ಬಹಳ ಸಲ ಸೀಟನ್ನು ಸಮತಟ್ಟು ಮಾಡಿ, ಹ್ಯಾಂಡಲ್ಲನ್ನು ಸ್ವಲ್ಪ ಎತ್ತರಿಸಿದರೆ ಸರಿಹೋಗುತ್ತದೆ.

ಮೊಣಕಾಲು: ಇದಕ್ಕೆ ಸೈಕಲ್ಲಿನ ಜಾತಿ ಮುಖ್ಯವಲ್ಲ, ಸೀಟಿನ ಎತ್ತರ ಮುಖ್ಯ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ. ಹಿಂಭಾಗ ಎಳೆದಂತಾದರೆ ಸೀಟು ತೀರಾ ಎತ್ತರವಾಗಿದೆ ಎಂದರ್ಥ. ನಮ್ಮಲ್ಲಿ ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರಬೇಕೆಂದು ಸೀಟನ್ನು ಪೂರ್ತಿ ಇಳಿಸಿಕೊಳ್ಳುವ ಚಾಳಿ ಬಹಳ. ಮೊಣಕಾಲಿನ ನೋವಿಗೆ ಇದೇ ದೊಡ್ಡ ದಾರಿ.

ಒಟ್ಟಿನಲ್ಲಿ ಮೂವತ್ತೈದು ದಾಟಿದ, ಸ್ವಲ್ಪ ಹೊಟ್ಟೆ ಬಂದ, ವ್ಯಾಯಾಮ ಬಿಟ್ಟು ವರ್ಷಗಳಾದ ದೇಹ ಹೈಬ್ರಿಡ್ಡಿನ ಭಂಗಿಯನ್ನು ಸುಲಭವಾಗಿ ಒಪ್ಪುತ್ತದೆ.

ನಮ್ಮ ರಸ್ತೆ ಯಾವುದನ್ನು ಒಪ್ಪುತ್ತದೆ?

ಸೈಕಲ್ಲಿನ ಜಾಹೀರಾತಿನಲ್ಲಿರುವ ರಸ್ತೆ ಬೇರೆ, ನಮ್ಮ ರಸ್ತೆ ಬೇರೆ. ನಮ್ಮದರಲ್ಲಿ ಡಾಂಬರಿನ ಅಂಚು ಒಡೆದಿರುತ್ತದೆ. ಎದುರಿನಿಂದ ಟ್ರ್ಯಾಕ್ಟರೋ ಹತ್ತಿಯ ಲಾರಿಯೋ ಬಂದರೆ ಸೈಕಲ್ಲಿನವರು ಕೆಳಗೆ ಮಣ್ಣಿಗೆ ಇಳಿಯಲೇಬೇಕು. ಸಣ್ಣ ಟೈರು ಆ ಅಂಚಿನಲ್ಲಿ ಸಿಕ್ಕಿ ಸವಾರನನ್ನು ಬೀಳಿಸಬಹುದು. ಅಗಲ ಟೈರು ಇಳಿದು ಹತ್ತುತ್ತದೆ.

ಎರಡನೆಯದು ಎರಿ ಮಣ್ಣು. ಮಳೆ ಬಿದ್ದ ಮೇಲೆ ನಮ್ಮ ಕರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲೂ ಬಿಡುವುದಿಲ್ಲ ಎಂಬುದು ನಿಮಗೆ ಗೊತ್ತು. ಸೈಕಲ್ಲಿಗೂ ಅದೇ ಗತಿ. ರೋಡ್ ಬೈಕಿನಲ್ಲಿ ಟೈರು ಮತ್ತು ಫೋರ್ಕಿನ ನಡುವೆ ಬೆರಳು ತೂರದಷ್ಟು ಸಂದಿ ಇರುತ್ತದೆ. ಮಣ್ಣು ತುಂಬಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಹೈಬ್ರಿಡ್ಡಿನಲ್ಲಿ ಸಂದಿ ಹೆಚ್ಚು. ಹೊಲದ ದಾರಿ ಇರುವವರು ಡಿಸ್ಕ್ ಬ್ರೇಕಿನದನ್ನು ನೋಡಬಹುದು, ಕೆಸರು ಅದಕ್ಕೆ ಅಷ್ಟು ಬೇಗ ತೊಡಕಾಗುವುದಿಲ್ಲ.

ಮೂರನೆಯದು ಜಾಲಿ ಮುಳ್ಳು. ರಸ್ತೆಬದಿಯ ಜಾಲಿ ಕಡಿದ ದಿನಗಳಲ್ಲಿ ಯಾವ ಟೈರಿಗೂ ಕ್ಷೇಮವಿಲ್ಲ. ಆದರೆ ದಪ್ಪ ಟೈರು ಸ್ವಲ್ಪ ತಡೆದೀತು. ಪಂಚರ್ ಆದ ಮೇಲೆ ಮುಖ್ಯವಾಗುವುದು ಆ ಅಳತೆಯ ಟ್ಯೂಬು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬುದು. ಕೊಳ್ಳುವ ಮೊದಲೇ ಹತ್ತಿರದ ಪಂಚರ್ ಅಂಗಡಿಯವರನ್ನು ಕೇಳಿ. ವಾಲ್ವ್ ಮೋಟಾರ್ ಸೈಕಲ್ ಟ್ಯೂಬಿನ ತರಹದ್ದೇ ಇದ್ದರೆ ಎಲ್ಲಿಯಾದರೂ ಗಾಳಿ ಹೊಡೆಸಬಹುದು. ರೋಡ್ ಬೈಕುಗಳಲ್ಲಿ ಹೆಚ್ಚಾಗಿ ಬರುವ ಸಣ್ಣ ಕಡ್ಡಿಯಂತಹ ವಾಲ್ವಿಗೆ ಬೇರೆ ಪಂಪೋ ಜೋಡಣೆಯೋ ಬೇಕು.

ನಾಲ್ಕನೆಯದು ಸುಗ್ಗಿ. ತೊಗರಿ, ಜೋಳದ ರಾಶಿಯನ್ನು ರಸ್ತೆಯ ಮೇಲೆಯೇ ಹರಡುವುದು ನಮ್ಮ ಕಡೆ ಉಂಟು. ಕಾಳಿನ ಮೇಲೆ ಸಣ್ಣ ಟೈರು ಜಾರುತ್ತದೆ. ಯಾವ ಸೈಕಲ್ಲೇ ಆಗಲಿ, ಅಂತಹ ಕಡೆ ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ.

ವೇಗದ ಲೆಕ್ಕ

"ರೋಡ್ ಬೈಕ್ ಜೋರಾಗಿ ಹೋಗುತ್ತದಲ್ಲ" ಎನ್ನುತ್ತೀರಿ. ಹೋಗುತ್ತದೆ. ಎಷ್ಟು ಎಂದು ಲೆಕ್ಕ ಹಾಕೋಣ. ದಾರಿ ಹತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ದನ, ಆಟೋ, ಸಂತೆ, ಬಸ್ ನಿಲ್ದಾಣದ ಗದ್ದಲ ಎಲ್ಲ ಸೇರಿ ಸಾಮಾನ್ಯ ಸವಾರನೊಬ್ಬ ರೋಡ್ ಬೈಕಿನಲ್ಲಿ ಗಂಟೆಗೆ 20 ಕಿಲೋಮೀಟರ್ ಸರಾಸರಿ ಹೋದರೆ 30 ನಿಮಿಷ ಬೇಕು. ಹೈಬ್ರಿಡ್ಡಿನಲ್ಲಿ 17 ಕಿಲೋಮೀಟರ್ ಸರಾಸರಿ ಹಿಡಿದರೆ 35 ನಿಮಿಷ. ಉಳಿದದ್ದು ಐದು ನಿಮಿಷ! ಆ ಐದು ನಿಮಿಷಕ್ಕಾಗಿ ಕೈ, ಕುತ್ತಿಗೆ, ಸೊಂಟ ಒತ್ತೆ ಇಡಬೇಕೇ?

ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ನೋಡಿ. ಹೈಬ್ರಿಡ್ಡಿನಲ್ಲಿ ಹೋಗಿ ಬರುವುದಕ್ಕೆ ದಿನಕ್ಕೆ 70 ನಿಮಿಷ. ವಾರದಲ್ಲಿ ಮೂರು ದಿನ ತುಳಿದರೆ 210 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಕೇಳುವ ಕನಿಷ್ಠ ಪ್ರಮಾಣ ಅಲ್ಲಿಯೇ ಮುಗಿಯಿತು. ಬೇರೆ ಜಿಮ್ಮೂ ಬೇಡ, ಶುಲ್ಕವೂ ಬೇಡ, ಬೇರೆ ಸಮಯವೂ ಬೇಡ.

ಹಾಗಾದರೆ ರೋಡ್ ಬೈಕ್ ಯಾರಿಗೆ?

ರೋಡ್ ಬೈಕ್ ಕೆಟ್ಟದ್ದಲ್ಲ. ನೆರೆಯ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಸೈಕ್ಲಿಂಗ್ ಪಟುಗಳಿಗೆ ಹೆಸರಾದವು. ಅಲ್ಲಿನ ಮಕ್ಕಳನ್ನು ನೋಡಿ ನಮ್ಮ ಹುಡುಗರಿಗೂ ಬಾಗಿದ ಹ್ಯಾಂಡಲ್ಲಿನ ಆಸೆ ಹುಟ್ಟಿದರೆ ಸಂತೋಷವೇ. ಬೆಳಗಿನ ಜಾವ ಒಳ್ಳೆಯ ಹೆದ್ದಾರಿಯಲ್ಲಿ ಮೂವತ್ತು, ನಲವತ್ತು ಕಿಲೋಮೀಟರ್ ತುಳಿಯುವವರಿಗೆ, ಸ್ಪರ್ಧೆಗೆ ಸಿದ್ಧವಾಗುವವರಿಗೆ, ಹೊರೆ ಇಲ್ಲದೆ ಹೋಗುವ, ಮೈ ಪಳಗಿದ ಯುವಕರಿಗೆ ಅದು ಸರಿಯಾದ ಸೈಕಲ್. ಕೆಲಸದ ದಾರಿ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚಿದ್ದು, ಪೂರ್ತಿ ನುಣುಪಾದ ಡಾಂಬರು ಇದ್ದರೆ ಆಗಲೂ ಯೋಚಿಸಬಹುದು. ಅಂತಹವರು 32 ಮಿಲಿಮೀಟರ್ ಟೈರು ಹಿಡಿಯುವ ಮಾದರಿ ಹುಡುಕಲಿ.

ಇನ್ನು ಅನೇಕ ಹುಡುಗರು ಬಯಸುವ ದಪ್ಪ ಹಲ್ಲಿನ ಟೈರಿನ ಗುಡ್ಡಗಾಡು ಸೈಕಲ್ ಡಾಂಬರಿನ ಮೇಲೆ ಭಾರ ಎಳೆದಂತಾಗುತ್ತದೆ. ಅಗ್ಗದ ಸೈಕಲ್ಲುಗಳಲ್ಲಿ ಬರುವ ಮುಂದಿನ ಸ್ಪ್ರಿಂಗು ತೂಕ ಹೆಚ್ಚಿಸುವುದೇ ಜಾಸ್ತಿ. ಟೈರಿನ ಗಾಳಿಯನ್ನು ಹದವಾಗಿಟ್ಟುಕೊಂಡರೆ ನಮ್ಮ ರಸ್ತೆಯ ಕುಲುಕಾಟಕ್ಕೆ ಅದೇ ಸಾಕು.

ಹೊರೆ, ಉಡುಪು, ಹೆಣ್ಣುಮಕ್ಕಳು

ಕೆಲಸಕ್ಕೆ ಹೋಗುವವರ ಹತ್ತಿರ ಬುತ್ತಿ, ನೀರಿನ ಬಾಟಲಿ, ಕಾಗದಪತ್ರ ಇರುತ್ತವೆ. ಸಂಜೆ ಬರುವಾಗ ಕಾಯಿಪಲ್ಯೆ ಸೇರುತ್ತದೆ. ಅದನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡರೆ ಬೆನ್ನು ಬೆವೆತು ಸೊಂಟಕ್ಕೂ ಭಾರವಾಗುತ್ತದೆ. ಕ್ಯಾರಿಯರ್ ಇರುವ ಸೈಕಲ್ ಬೇಕು ಎನ್ನುವುದಕ್ಕೆ ಇದೊಂದು ಆರೋಗ್ಯದ ಕಾರಣ.

ಕ್ಯಾರಿಯರಿನಲ್ಲಿ ಚಿಕ್ಕ ಮಕ್ಕಳನ್ನು ಕೂರಿಸುವವರು ಒಂದು ಎಚ್ಚರ ವಹಿಸಬೇಕು. ಚಕ್ರದ ಕಡ್ಡಿಗಳ ನಡುವೆ ಮಗುವಿನ ಹಿಮ್ಮಡಿ ಸಿಕ್ಕು ಚರ್ಮ ಕಿತ್ತುಬರುವ ಗಾಯ ಬಹಳ ನೋವಿನದು, ಬೇಗ ಮಾಯುವುದೂ ಇಲ್ಲ. ಗಾಲಿಗೆ ಜಾಲರಿ ಹಾಕಿಸಿ, ಕಾಲಿಡಲು ಪಟ್ಟಿ ಕೂಡಿಸಿ. ಅದಿಲ್ಲದೆ ಮಗುವನ್ನು ಕೂರಿಸಬೇಡಿ.

ಹೆಣ್ಣುಮಕ್ಕಳಿಗೆ ನಡುವಿನ ಅಡ್ಡ ಪೈಪು ತಗ್ಗಾಗಿರುವ ಸೈಕಲ್ ಅನುಕೂಲ. ಬುರ್ಖಾ, ದುಪಟ್ಟಾ, ಸೀರೆಯ ಸೆರಗು ಹಿಂದಿನ ಗಾಲಿಗೆ ಸಿಗದಂತೆ ಜಾಲರಿ ಮತ್ತು ಚೈನಿಗೆ ಪೂರ್ತಿ ಕವಚ ಇರಬೇಕು. ಇವೆರಡೂ ರೋಡ್ ಬೈಕಿನಲ್ಲಿ ಸಿಗುವುದಿಲ್ಲ. ಹೈಬ್ರಿಡ್ಡಿನಲ್ಲೂ ಕೇಳಿ ಹಾಕಿಸಬೇಕಾಗಬಹುದು. ಶಾಲೆಗೆ ಸೈಕಲ್ಲಿನಲ್ಲಿ ಹೋದ ಹುಡುಗಿ ಮದುವೆಯಾಗಿ, ಕೆಲಸಕ್ಕೆ ಸೇರಿದ ಮೇಲೆ ಏಕೆ ತುಳಿಯಬಾರದು? ಗಂಡಸರಿಗಿರುವ ಸಕ್ಕರೆ, ಒತ್ತಡ, ಮೊಣಕಾಲು ನೋವು ಹೆಂಗಸರಿಗೂ ಇದೆ. ಮನೆಯ ಹಿರಿಯರು ಇದನ್ನು ಯೋಚಿಸಬೇಕು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಬಣ್ಣ, ಗೇರಿನ ಸಂಖ್ಯೆ ನೋಡುವ ಮೊದಲು ಇವನ್ನು ಮಾಡಿ.

1. ನಡುವಿನ ಪೈಪಿನ ಎರಡೂ ಬದಿ ಕಾಲಿಟ್ಟು ನಿಲ್ಲಿ. ಪೈಪಿಗೂ ನಿಮಗೂ ನಡುವೆ ಎರಡು-ಮೂರು ಬೆರಳಿನಷ್ಟು ಅಂತರ ಇರಬೇಕು. ಇಲ್ಲದಿದ್ದರೆ ಆ ಸೈಕಲ್ ನಿಮಗೆ ದೊಡ್ಡದು.

2. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಡಿ. ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲ್ ಮೇಲಿಟ್ಟರೆ ಮೊಣಕಾಲು ತುಸು ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಕಾಲೂರುವುದನ್ನು ಅಭ್ಯಾಸ ಮಾಡಿಕೊಳ್ಳಿ.

3. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, ಹೆಗಲು ಕಿವಿಯ ಕಡೆ ಏರಬಾರದು. ಕತ್ತು ಎತ್ತದೆ ಮುಂದಿನ ರಸ್ತೆ ಕಾಣಬೇಕು.

4. ಸೀಟು ಸಮತಟ್ಟಾಗಿರಲಿ. ತೀರಾ ಮೆತ್ತನೆಯ ದಪ್ಪ ಸೀಟು ಮೊದಲ ದಿನ ಹಿತ, ಅರ್ಧ ಗಂಟೆಯ ಮೇಲೆ ಒತ್ತುತ್ತದೆ. ಕೂರುವ ಎಲುಬುಗಳಿಗೆ ಆಧಾರ ಕೊಡುವಷ್ಟು ಗಟ್ಟಿ ಇರಲಿ.

5. ಹತ್ತು ನಿಮಿಷವಾದರೂ ತುಳಿದು ನೋಡಿ. ತುಳಿಯಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ.

6. ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಗಂಟೆ, ಹೆಲ್ಮೆಟ್ ಇವುಗಳ ಹಣವನ್ನು ಸೈಕಲ್ಲಿನ ಬೆಲೆಯಲ್ಲೇ ಸೇರಿಸಿಕೊಳ್ಳಿ. ಚಳಿಗಾಲದಲ್ಲಿ ಸಂಜೆ ಆರಕ್ಕೇ ಕತ್ತಲು. ದೀಪವಿಲ್ಲದ ಸೈಕಲ್ ಲಾರಿಯವನಿಗೆ ಕಾಣುವುದಿಲ್ಲ.

ಮೊದಲ ತಿಂಗಳು ಹೇಗೆ?

ಮೊದಲ ವಾರವೇ ಹೋಗಿ ಬರುವ ಇಪ್ಪತ್ತು ಕಿಲೋಮೀಟರ್ ತುಳಿಯಬೇಡಿ. ಮೊದಲ ವಾರ ಊರಿನ ಸುತ್ತ ಹದಿನೈದು ನಿಮಿಷ. ಎರಡನೆಯ ವಾರ ಅರ್ಧ ಗಂಟೆ. ಮೂರನೆಯ ವಾರ ರಜೆಯ ದಿನ ಕೆಲಸದ ದಾರಿಯನ್ನು ಒಮ್ಮೆ ತುಳಿದು ನೋಡಿ. ನಾಲ್ಕನೆಯ ವಾರದಿಂದ ವಾರಕ್ಕೆ ಎರಡು ದಿನ ಶುರು ಮಾಡಿ, ಆಮೇಲೆ ಹೆಚ್ಚಿಸಿ. ಗೇರನ್ನು ಹಗುರವಾಗಿಟ್ಟು ಕಾಲನ್ನು ಚುರುಕಾಗಿ ಆಡಿಸಿ. ಗಟ್ಟಿ ಗೇರಿನಲ್ಲಿ ಒತ್ತಿ ತುಳಿದರೆ ಮೊಣಕಾಲು ಸವೆಯುತ್ತದೆ.

ಹೊಟ್ಟೆ ತುಂಬ ಉಂಡು ತುಳಿಯಬಾರದು ಎಂಬುದು ಯುನಾನಿಯ ನಿಯಮ. ಬೆಳಿಗ್ಗೆ ಹಗುರವಾದ ತಿಂಡಿ ತಿಂದು ಹೊರಡಿ. ಪೂರ್ತಿ ಊಟವಾದರೆ ಒಂದೂವರೆ, ಎರಡು ಗಂಟೆ ಬಿಡಿ. ಬಿಸಿಲುಗಾಲದಲ್ಲಿ ರಿಯಾಝತ್ ಕಡಿಮೆ ಇರಬೇಕು ಎಂಬುದೂ ಶಾಸ್ತ್ರದ ಮಾತು. ನಮ್ಮ ಯಾದಗಿರಿಯ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಬೇಗ ಹೊರಡಿ, ಸಂಜೆ ಬಿಸಿಲು ತಗ್ಗಿದ ಮೇಲೆ ಬನ್ನಿ, ನೀರಿನ ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೂ ಇರಲಿ. ತಲೆ ಸುತ್ತಿದರೆ, ವಾಂತಿ ಬಂದಂತಾದರೆ, ಬೆವರು ನಿಂತು ಮೈ ಸುಟ್ಟರೆ ಕೂಡಲೇ ನೆರಳಿಗೆ ಹೋಗಿ, ಮೈ ಒದ್ದೆ ಮಾಡಿಕೊಂಡು ದವಾಖಾನೆಗೆ ಹೋಗಬೇಕು.

ರಮಝಾನಿನಲ್ಲಿ ಉಪವಾಸ ಇರುವವರು ದೂರದ ಸವಾರಿ ಬಿಡುವುದು ಮೇಲು. ಅದು ಬೇಸಿಗೆಯಲ್ಲಿ ಬಂದರೆ ಖಂಡಿತ ಬೇಡ. ಹತ್ತಿರದ ಕೆಲಸವಾದರೆ ನಿಧಾನವಾಗಿ ಹೋಗಬಹುದು. ಅಭ್ಯಾಸ ತಪ್ಪಬಾರದು ಎನ್ನುವವರು ಇಫ್ತಾರ್ ಆಗಿ, ಹೊಟ್ಟೆ ಹಗುರವಾದ ಮೇಲೆ ಇಪ್ಪತ್ತು ನಿಮಿಷ ತುಳಿಯಲಿ.

ಬೆವರು ಮತ್ತು ಶುಚಿತ್ವ

ಸೈಕಲ್ ಸವಾರರು ಬೆವೆತ ಬಟ್ಟೆಯಲ್ಲೇ ದಿನವಿಡೀ ಕೂರಬಾರದು. ತೊಡೆಸಂದಿ, ಕಂಕುಳಲ್ಲಿ ತೇವ ನಿಂತರೆ ಗಜಕರ್ಣ ಬರುತ್ತದೆ. ಹತ್ತಿಯ ಒಳಉಡುಪು ಹಾಕಿ. ಒಂದು ಅಂಗಿ, ಒಂದು ಒಳಉಡುಪು, ಚಿಕ್ಕ ಟವೆಲ್ ಚೀಲದಲ್ಲಿರಲಿ. ಕೆಲಸದ ಜಾಗ ಮುಟ್ಟಿದ ಮೇಲೆ ಮುಖ, ಕುತ್ತಿಗೆ, ಕಂಕುಳು ತೊಳೆದು, ಒರೆಸಿ, ಬಟ್ಟೆ ಬದಲಿಸಿ. ಒಬ್ಬರ ಟವೆಲ್ ಇನ್ನೊಬ್ಬರು ಬಳಸಬೇಡಿ. ಕಜ್ಜಿ ಕಾಣಿಸಿಕೊಂಡರೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಬೇಡಿ. ಎರಡು ದಿನ ತುರಿಕೆ ಅಡಗುತ್ತದೆ, ಆಮೇಲೆ ಇಮ್ಮಡಿಯಾಗಿ ಹರಡುತ್ತದೆ. ಸೀಟು ಉಜ್ಜಿ ಕುರುವಾದರೆ ಮಾಯುವ ತನಕ ಸವಾರಿ ನಿಲ್ಲಿಸಿ.

ಸಂಜೆ ಬಂದ ಮೇಲೆ ಉಗುರುಬೆಚ್ಚಗಿನ ನೀರಿನ ಸ್ನಾನ, ಮೊದಲ ದಿನಗಳಲ್ಲಿ ತೊಡೆ, ಮೀನಖಂಡಕ್ಕೆ ಎಳ್ಳೆಣ್ಣೆಯದೋ ರೋಗನೆ ಬಾಬೂನಾದ್ದೋ ಹಗುರ ಮಾಲೀಷು ಹಿತ. ಯುನಾನಿಯಲ್ಲಿ ಇದಕ್ಕೆ 'ದಲ್ಕ್' ಎನ್ನುತ್ತಾರೆ. ಆದರೆ ಊತ, ಬಿಸಿ ಇರುವ ಕೀಲನ್ನು ತಿಕ್ಕಬಾರದು.

ಯಾರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು?

ಎದೆನೋವು, ಹೃದಯದ ಕಾಯಿಲೆ, ಮೂರ್ಛೆರೋಗ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ಹರ್ನಿಯಾ ಅಥವಾ ರಕ್ತ ಬೀಳುವ ಮೂಲವ್ಯಾಧಿಯವರು, ಗರ್ಭಿಣಿಯರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ದಾರಿಯಲ್ಲಿ ಸಕ್ಕರೆ ತೀರಾ ಇಳಿಯುವ ಅಪಾಯ ಇದೆ. ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾಗುವುದು ಅದರ ಗುರುತು. ಜೇಬಿನಲ್ಲಿ ಬೆಲ್ಲವೋ ಸಕ್ಕರೆಯೋ ಇರಲೇಬೇಕು. ಸೈಕಲ್ ತುಳಿಯುತ್ತಿದ್ದೇನೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ. ಸಕ್ಕರೆ ಇಳಿಯುತ್ತಾ ಬಂದರೆ ವೈದ್ಯರೇ ಪ್ರಮಾಣ ಕಡಿಮೆ ಮಾಡುತ್ತಾರೆ. ಮಧುಮೇಹಿಗಳು ಚಪ್ಪಲಿಯ ಬದಲು ಮುಚ್ಚಿದ ಬೂಟು ಹಾಕಿ, ದಿನಾ ರಾತ್ರಿ ಪಾದ ನೋಡಿಕೊಳ್ಳಬೇಕು.

ಬೆರಳಿನ ಜೋಮು ಸೈಕಲ್ ಸರಿಪಡಿಸಿದ ಮೇಲೂ ವಾರಗಟ್ಟಲೆ ಉಳಿದರೆ, ಕೈಯ ಹಿಡಿತ ಸಡಿಲವಾದರೆ, ಸೊಂಟದ ನೋವು ಕಾಲಿಗೆ ಇಳಿದರೆ, ಮೂತ್ರಕ್ಕೆ ತೊಂದರೆಯಾದರೆ ತಡ ಮಾಡದೆ ತೋರಿಸಿ.

ಕೊನೆಯದಾಗಿ ಚುಟುಕಾಗಿ ಹೇಳುವುದಾದರೆ: ದಾರಿ ಹದಿನೈದು ಕಿಲೋಮೀಟರಿನ ಒಳಗಿದೆ, ರಸ್ತೆ ಮಿಶ್ರವಾಗಿದೆ, ಜೊತೆಯಲ್ಲಿ ಬುತ್ತಿ ಚೀಲ ಇದೆ, ವಯಸ್ಸು ಮೂವತ್ತೈದು ದಾಟಿದೆ ಎಂದರೆ ಹೈಬ್ರಿಡ್ ಕೊಳ್ಳಿ. ಅಷ್ಟು ಹಣವಿಲ್ಲದಿದ್ದರೆ ಕರಿಯ ಸೈಕಲ್ಲನ್ನೇ ಸರಿಮಾಡಿಸಿ. ಹೊರೆಯಿಲ್ಲದೆ, ನುಣುಪು ರಸ್ತೆಯಲ್ಲಿ, ದೂರಕ್ಕೆ ಮತ್ತು ವೇಗಕ್ಕಾಗಿ ತುಳಿಯುವ ಪಳಗಿದ ದೇಹಕ್ಕೆ ರೋಡ್ ಬೈಕ್ ಇರಲಿ. ನಾಳೆ ಬೆಳಿಗ್ಗೆಯೂ, ಬರುವ ವರ್ಷವೂ ನೀವು ಹತ್ತಲು ಹಿಂದೆಗೆಯದ ಸೈಕಲ್ ಯಾವುದೋ ಅದೇ ನಿಮಗೆ ಒಳ್ಳೆಯ ಸೈಕಲ್.